ಮನೇಲಿ ಶುರುವಾದ ರೇಡಿಯೋ ಸ್ಟೇಷನ್

ಪ್ರಶ್ನೆ: ಮೈಸೂರು ಆಕಾಶವಾಣಿ ಮೊದಲು ಯಾರದೋ ಮನೇಲಿ ಶುರುವಾಯ್ತಂತೆ, ನಿಜಾನಾ ಸರ್? ಮತ್ತೆ ಅದು ಬೆಂಗಳೂರಿಗೆ ಹೋಗಿದ್ದು ಯಾವಾಗ?
- ಒಬ್ಬ ಓದುಗರು, ಹಾಸನ

ಉತ್ತರ: ನಿಜಾನೇ. ಮಹಾರಾಜಾ ಕಾಲೇಜಲ್ಲಿ ಸೈಕಾಲಜಿ ಪ್ರೊಫೆಸರ್ ಆಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿ ಅವರು 1935ರ ಸೆಪ್ಟೆಂಬರಲ್ಲಿ ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದಲೇ ಪ್ರಸಾರ ಶುರು ಮಾಡಿದ್ರು. ಟ್ರಾನ್ಸ್‌ಮಿಟರ್ ಎಷ್ಟು ಪವರಿಂದು ಗೊತ್ತಾ, ಬರೀ 30 ವ್ಯಾಟ್! ಮನೆ ಹಜಾರಕ್ಕೆ ಹಾಕ್ತಿದ್ದ 60 ವ್ಯಾಟ್ ಬಲ್ಬಿನ ಅರ್ಧ ಅಷ್ಟೇ, ಅಷ್ಟರಲ್ಲೇ ಮಾತು ಸಂಗೀತ ಎಲ್ಲಾ ಗಾಳೀಲಿ ಹೋಗ್ಬೇಕು, ಕೇಳೋರ ಹತ್ರ ರೇಡಿಯೋ ಸೆಟ್ ಇರೋದೇ ಅಪರೂಪ, ಆದ್ರೂ ಮನುಷ್ಯ ಬಿಡ್ಲಿಲ್ಲ ನೋಡಿ, ಮುಂದೆ 250 ವ್ಯಾಟಿನ ಟ್ರಾನ್ಸ್‌ಮಿಟರ್ ತರಿಸಿದ್ರು. ಸೈಕಾಲಜಿ ಮೇಷ್ಟ್ರಿಗೆ ಇದೆಲ್ಲಾ ಯಾಕೆ ಬೇಕಿತ್ತು ಅಂತ ಯಾರಾದ್ರೂ ಕೇಳಬಹುದು, ನನಗಂತೂ ಅವರ ಮೇಲೆ ತುಂಬಾ ಗೌರವ, ಇವತ್ತಿನ ಮೈಸೂರಿನವರಿಗೇ ಅವರ ಹೆಸರು ಅಷ್ಟಾಗಿ ಗೊತ್ತಿಲ್ಲ ಅನ್ನೋದೇ ಬೇಜಾರು.

‘ಆಕಾಶವಾಣಿ’ ಅನ್ನೋ ಹೆಸರು ಆ ಸ್ಟೇಷನ್ನಿಂದೇ, ಆಮೇಲೆ ಇಡೀ ದೇಶದ ಸರ್ಕಾರಿ ರೇಡಿಯೋಗೆ ಅದೇ ಹೆಸರು ಬಂತು. 1940ರ ದಶಕದಲ್ಲಿ ಸ್ಟೇಷನ್ ಮೈಸೂರು ಸಂಸ್ಥಾನದ ಕೈಗೆ ಹೋಯ್ತು, 1950ರಲ್ಲಿ ಆಲ್ ಇಂಡಿಯಾ ರೇಡಿಯೋ ವಹಿಸ್ಕೊಂಡಿತು, 1955ರಲ್ಲಿ ಬೆಂಗಳೂರಿಗೆ ಶಿಫ್ಟ್ ಆಯ್ತು. ಮೈಸೂರಿಗೆ ಮತ್ತೆ ಸ್ವಂತ ಕೇಂದ್ರ ಸಿಕ್ಕಿದ್ದು 1970ರ ದಶಕದಲ್ಲಿ. ಈಗ ಅದು ಯಾದವಗಿರಿಯಲ್ಲಿದೆ, ಆ ಕಡೆ ಹೋದ್ರೆ ನೋಡಿ ಬನ್ನಿ.