ಮೇಕಪ್ ಯಾರದೆಂಬುದು ಆಮೇಲೆ, ಮೊದಲು ಆ ಟ್ಯೂಬು ಡಾಕ್ಟರಿಗೆ ತೋರಿಸು

ಈ ವಾರ ಇಂಡಿ ತಾಲೂಕಿನಿಂದ ಬಂದ ಒಂದು ಪತ್ರಕ್ಕೆ ಉತ್ತರ ಬರೆಯಲು ತಡ ಮಾಡುವಂತಿಲ್ಲ. ಬರೆದವಳಿಗೆ 25 ವರ್ಷ, ಶಾಲೆಯೊಂದರಲ್ಲಿ ಶಿಕ್ಷಕಿ. ಮೇ ಎರಡನೇ ವಾರ ವಿಜಯಪುರದಲ್ಲಿ ಲಗ್ನ, ಅಕ್ಷತೆ ಮಧ್ಯಾಹ್ನ 12.35ಕ್ಕೆ. ಉಳಿದಿರುವುದು ಒಂಬತ್ತು ವಾರ. ಮೇಕಪ್‌ಗೆ ಇಬ್ಬರ ಹೆಸರು ಮುಂದಿದೆ. ಒಬ್ಬರು ಬೆಳಗಾವಿಯವರು, ವರನ ಅಕ್ಕ ತೋರಿಸಿಕೊಟ್ಟವರು. ಎರಡು ದಿನಕ್ಕೆ 35,000 ರೂಪಾಯಿ, ಓಡಾಟದ ಖರ್ಚು ಬೇರೆ, ಅರ್ಧ ಮುಂಗಡ. ಇನ್ನೊಬ್ಬಳು ಸ್ವಂತ ಅಣ್ಣನ ಹೆಂಡತಿ, ಅಂದರೆ ವೈನಿ. ಇಂಡಿಯಲ್ಲಿ ಆರು ವರ್ಷದಿಂದ ಪಾರ್ಲರ್ ನಡೆಸುತ್ತಾಳೆ, ಸೀಸನ್ನಿನಲ್ಲಿ ಮದುಮಗಳ ಮೇಕಪ್ಪೂ ಮಾಡುತ್ತಾಳೆ. ‘ನಾನ ಮಾಡತೀನಿ, ರೊಕ್ಕ ಬ್ಯಾಡ’ ಎಂದಿದ್ದಾಳೆ. ಆದರೆ ಹೋದ ವರ್ಷ ಅವಳು ಸಿಂಗರಿಸಿದ ಕಾಕಾನ ಮಗಳ ಮುಖ ಫೋಟೋದಲ್ಲಿ ಬೂದಿ ಬಳಿದಂತೆ ಬೆಳ್ಳಗೆ ಬಂದಿತ್ತು. ವೈನಿಯನ್ನು ಬಿಟ್ಟರೆ ತವರಿನಲ್ಲಿ ಮುನಿಸು, ಬೆಳಗಾವಿಯವರನ್ನು ಬಿಟ್ಟರೆ ಬೀಗರ ಮನೆಯಲ್ಲಿ ಮಾತು. ಯಾರನ್ನು ಒಪ್ಪಲಿ ಎನ್ನುವುದು ಅವಳ ಪ್ರಶ್ನೆ.

ಎರಡು ಪುಟದ ಪತ್ರದ ಕೊನೆಗೆ, ಸಹಿಯ ಮೇಲೆ, ಹೀಗೊಂದು ಮಾತು ಬರೆದಿದ್ದಾಳೆ: ‘ಬೆಳಗಾವಿಯಲ್ಲಿ ಟ್ರಯಲ್ ಮಾಡಿದಾಗ ಮುಖ ಸ್ವಲ್ಪ ಉರಿಯಿತು. ಮೂರು ತಿಂಗಳಿಂದ ಚಿಗವ್ವ ತಂದುಕೊಟ್ಟ ಕ್ರೀಮು ಹಚ್ಚುತ್ತಿದ್ದೇನೆ, ಒಂದು ದಿನ ತಪ್ಪಿದರೆ ಕೆಂಪಗಾಗುತ್ತದೆ. ಫೌಂಡೇಶನ್ ಹಾಕಿದರೆ ಏನೂ ಕಾಣುವುದಿಲ್ಲ ಅಂತ ಬೆಳಗಾವಿಯವರು ಹೇಳಿದರು. ವೈನಿ ಮಾತ್ರ ಮಾರಿಗಿ ಏನ್ ಹಚ್ಚಾಕತ್ತಿ ಅಂತ ಎಲ್ಲರ ಮುಂದೆ ಕೇಳಿದಳು, ಬೇಜಾರಾಯಿತು.’

ತಂಗಿ, ನೀನು ಸಹಿಗೆ ಮುಂಚೆ ಅವಸರದಲ್ಲಿ ಬರೆದು ಮುಗಿಸಿದ್ದನ್ನೇ ನಾನು ಮೊದಲು ಹಿಡಿಯುತ್ತೇನೆ.

ಹಚ್ಚಿದಷ್ಟು ದಿನ ನುಣುಪು, ಬಿಟ್ಟ ಮರುದಿನ ಕೆಂಪು ಮತ್ತು ಉರಿ ಎಂದರೆ ಅದರಲ್ಲಿ ಸ್ಟೀರಾಯ್ಡ್ ಇರುವ ಸಾಧ್ಯತೆ ಬಹಳ. ಟ್ಯೂಬಿನ ಹಿಂದಿನ ಸಣ್ಣ ಅಕ್ಷರ ಓದು. ಬೆಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್, ಫ್ಲುಯೊಸಿನೊಲೋನ್, ಇವುಗಳಲ್ಲಿ ಯಾವುದಾದರೂ ಹೆಸರಿದೆಯೇ? ಜೊತೆಗೆ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಇವೆಯೇ? ಸ್ಟೀರಾಯ್ಡ್, ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಮೂರೂ ಬೆರೆತ ಮುಲಾಮು ಬಂಗಿಗೆ, ಅಂದರೆ ಮುಖದ ಕಂದು ಕಲೆಗೆ, ಡಾಕ್ಟರು ಕೆಲವೇ ವಾರಕ್ಕೆಂದು ಬರೆದುಕೊಡುವಂಥದ್ದು. ನಮ್ಮ ಕಡೆ ಅದು ‘ಬೆಳ್ಳಗಾಗೋ ಕ್ರೀಮು’ ಎಂಬ ಹೆಸರಿನಲ್ಲಿ ಅಕ್ಕನಿಂದ ತಂಗಿಗೆ, ಅತ್ತಿಯಿಂದ ಸೊಸೆಗೆ ದಾಟುತ್ತಿದೆ. ಮೊದಲ ಎರಡು ಮೂರು ವಾರ ಬಣ್ಣ ತಿಳಿಯಾದಂತೆ ಕಾಣುತ್ತದೆ, ಏಕೆಂದರೆ ಸ್ಟೀರಾಯ್ಡ್ ಚರ್ಮದ ಸಣ್ಣ ರಕ್ತನಾಳಗಳನ್ನು ಬಿಗಿದು ಉರಿಯೂತವನ್ನು ಅದುಮಿಡುತ್ತದೆ. ಆಮೇಲೆ ಚರ್ಮ ತೆಳುವಾಗುತ್ತದೆ, ಕೆನ್ನೆಯಲ್ಲಿ ಎಳೆ ಎಳೆಯಾಗಿ ಕೆಂಪು ನರ ಕಾಣಿಸುತ್ತದೆ, ಮೊಡವೆ ಏಳುತ್ತದೆ, ಬಿಸಿಲಿಗೆ ಹೋದರೆ ಚುರುಗುಟ್ಟುತ್ತದೆ. ಬಿಟ್ಟರೆ ಅದುಮಿಟ್ಟದ್ದೆಲ್ಲ ಒಮ್ಮೆಲೇ ಮೇಲೇಳುತ್ತದೆ. ಹೆದರಿ ಮತ್ತೆ ಹಚ್ಚುತ್ತಾರೆ. ನೀನು ಈಗ ಆ ಸುತ್ತಿನಲ್ಲಿದ್ದೀಯ.

ಇಂಥ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ಕೇಂದ್ರ ಸರ್ಕಾರ 2018ರಲ್ಲಿ ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿದೆ. ಡಾಕ್ಟರ ಚೀಟಿ ಇಲ್ಲದೆ ಅವನ್ನು ಮಾರುವಂತಿಲ್ಲ. ಟ್ಯೂಬಿನ ಮೇಲೆ ಏನು ಬೆರೆತಿದೆ ಎಂದೇ ಬರೆದಿಲ್ಲವಾದರೆ ಭಯ ಇನ್ನೂ ಹೆಚ್ಚು. ಬೆಳ್ಳಗಾಗಲು ಮಾರುವ ಹೆಸರಿಲ್ಲದ ಕ್ರೀಮುಗಳಲ್ಲಿ ಪಾದರಸ ಸಿಕ್ಕಿದ ಉದಾಹರಣೆಗಳಿವೆ. ನಿನ್ನ ಚಿಗವ್ವನ ಮೇಲೆ ನನಗೆ ಸಿಟ್ಟಿದೆ, ಅದನ್ನು ಮುಚ್ಚಿಡುವುದಿಲ್ಲ. ಪ್ರೀತಿಯಿಂದಲೇ ತಂದುಕೊಟ್ಟಿರಬಹುದು. ಆದರೆ ಗಂಡು ಗೊತ್ತಾದ ಹುಡುಗಿಯ ಕೈಗೆ ಬಣ್ಣ ಬದಲಿಸುವ ಟ್ಯೂಬು ಕೊಡುವುದೆಂದರೆ ‘ಇದ್ದ ಬಣ್ಣ ಸಾಲದು’ ಎಂದು ಹೇಳಿದಂತೆಯೇ. ನಿನ್ನನ್ನು ನೋಡಿ ಒಪ್ಪಿಕೊಂಡ ಹುಡುಗ ಆ ಮಾತು ಹೇಳಿಲ್ಲ.

ಆದ್ದರಿಂದ ಮೊದಲ ಕೆಲಸ ಇದು: ಈ ವಾರ ಒಂದು ದಿನ ರಜೆ ಹಾಕಿ ವಿಜಯಪುರಕ್ಕೆ ಹೋಗು. ಜಿಲ್ಲಾ ಆಸ್ಪತ್ರೆಯಾದರೂ ಸರಿ, ಬಿಎಲ್‌ಡಿಇ ಆಸ್ಪತ್ರೆಯಾದರೂ ಸರಿ, ಚರ್ಮರೋಗದ ಡಾಕ್ಟರನ್ನು ಕಾಣು. ಟ್ಯೂಬನ್ನು ಡಬ್ಬಿ ಸಮೇತ ತೆಗೆದುಕೊಂಡು ಹೋಗು. ಎಷ್ಟು ತಿಂಗಳಾಯಿತು, ದಿನಕ್ಕೆ ಎಷ್ಟು ಸಲ, ಕಣ್ಣಿನ ಹತ್ತಿರವೂ ಹಚ್ಚಿದ್ದೀಯಾ, ಎಲ್ಲ ಹೇಳು. ಒಮ್ಮೆಲೇ ನಿಲ್ಲಿಸುವುದೋ, ದಿನ ಬಿಟ್ಟು ದಿನ ಇಳಿಸುವುದೋ, ಬದಲಿಗೆ ಏನು ಹಚ್ಚುವುದೋ ಅವರೇ ಗೊತ್ತುಮಾಡಲಿ. ಲಗ್ನದ ದಿನಾಂಕವನ್ನೂ ತಿಳಿಸು, ಏಕೆಂದರೆ ಟ್ರೆಟಿನಾಯಿನ್ ಇದ್ದರೆ ಬಸಿರಾಗುವ ಮುಂಚೆ ಅದನ್ನು ಬಿಟ್ಟಿರಬೇಕು. ಅಲ್ಲಿಯವರೆಗೆ ಫೇಶಿಯಲ್ ಬೇಡ, ಬ್ಲೀಚ್ ಬೇಡ, ತುಟಿಯ ಮೇಲೆ ವ್ಯಾಕ್ಸ್ ಅಂತೂ ಖಂಡಿತ ಬೇಡ. ಟ್ರೆಟಿನಾಯಿನ್ ಹಚ್ಚಿದ ಚರ್ಮದ ಮೇಲೆ ವ್ಯಾಕ್ಸ್ ಎಳೆದರೆ ಕೂದಲಿನ ಜೊತೆ ಮೇಲಿನ ಪದರವೂ ಕಿತ್ತು ಬರುತ್ತದೆ, ಅಲ್ಲಿ ಉಳಿಯುವ ಕಂದು ಕಲೆ ಮಾಯಲು ವಾರಗಟ್ಟಲೆ ಬೇಕು. ಒಂಬತ್ತು ವಾರದಲ್ಲಿ ಮುಖ ಪೂರ್ತಿ ಮೊದಲಿನಂತಾಗುತ್ತದೆಂದು ನಾನು ಭರವಸೆ ಕೊಡಲಾರೆ, ಕೆಲವರಿಗೆ ತಿಂಗಳುಗಳು ಹಿಡಿಯುತ್ತವೆ. ಆದರೆ ಉರಿ ಇಳಿದ, ಮೇಕಪ್ ತಡೆದುಕೊಳ್ಳುವ ಚರ್ಮದೊಂದಿಗೆ ಮಂಟಪಕ್ಕೆ ಹೋಗಲು ಈಗ ಶುರು ಮಾಡಿದರೆ ಅವಕಾಶವಿದೆ.

ಇನ್ನು ನೀನು ಕೇಳಿದ ಪ್ರಶ್ನೆ. ಬೆಳಗಾವಿಯವರು ಬೇಡ. ಕುಂಚ ಎತ್ತುವ ಮುಂಚೆ ‘ಮುಖಕ್ಕೆ ಏನು ಹಚ್ಚುತ್ತೀಯ, ಯಾವುದಾದರೂ ಅಲರ್ಜಿ ಇದೆಯಾ, ಔಷಧಿ ನಡೆದಿದೆಯಾ’ ಎಂದು ಕೇಳದವರಿಗೆ ಮದುಮಗಳ ಮುಖ ಒಪ್ಪಿಸಬಾರದು. ಈ ಅಂಕಣದಲ್ಲಿ ಇದನ್ನು ಹಿಂದೆಯೂ ಹೇಳಿದ್ದೇನೆ, ಇನ್ನು ಮುಂದೆಯೂ ಹೇಳುತ್ತೇನೆ. ಅವರು ಉರಿಯುವ ಮುಖ ಕಣ್ಣಾರೆ ಕಂಡರು, ಮುಚ್ಚುತ್ತೇನೆ ಎಂದರು. ಮುಚ್ಚಲಾಗದು. ಸುಲಿದ ಚರ್ಮದ ಸಿಪ್ಪೆಗೆ ಫೌಂಡೇಶನ್ ಕಚ್ಚಿಕೊಂಡು ಮೂಗಿನ ಪಕ್ಕ, ಬಾಯಿಯ ಸುತ್ತ ಎರಡು ತಾಸಿನೊಳಗೆ ಬಿರುಕು ಬಿಡುತ್ತದೆ. ಮೇ ತಿಂಗಳ ವಿಜಯಪುರದಲ್ಲಿ ಬಿಸಿಲು 40 ಡಿಗ್ರಿಯ ಆಸುಪಾಸು. ಆ ಝಳಕ್ಕೆ ಕೆಂಪು ಇನ್ನೂ ಏರುತ್ತದೆ. ಎಸಿ ಇರುವ ಸ್ಟುಡಿಯೋದಲ್ಲಿ, ರಿಂಗ್ ಲೈಟಿನ ಎದುರು ಮಾಡಿದ ಟ್ರಯಲ್‌ನಲ್ಲಿ ಇದೊಂದೂ ಗೊತ್ತಾಗುವುದಿಲ್ಲ. ಮುಂಗಡ ಇನ್ನೂ ಕೊಟ್ಟಿಲ್ಲವೆಂದು ಬರೆದಿದ್ದೀಯ, ಕೊಡಲೇಬೇಡ.

ವೈನಿ ಮಾಡಲಿ.

ಎಲ್ಲರ ಮುಂದೆ ಕೇಳಬಾರದಿತ್ತು, ಒಪ್ಪುತ್ತೇನೆ. ಆದರೆ ಇಷ್ಟು ಜನರಲ್ಲಿ ನಿನ್ನ ಚರ್ಮ ನೋಡಿ ಆತಂಕಪಟ್ಟವಳು ಅವಳೊಬ್ಬಳೇ. ಪಾರ್ಲರಿನಲ್ಲಿ ದಿನಾ ಹತ್ತಾರು ಮುಖ ಮುಟ್ಟುವವಳಿಗೆ ಸ್ಟೀರಾಯ್ಡ್ ಹಚ್ಚಿದ ಕೆನ್ನೆಯ ಹೊಳಪು ಕಂಡ ಕೂಡಲೇ ಗುರುತು ಸಿಗುತ್ತದೆ.

ಕಾಕಾನ ಮಗಳ ಫೋಟೋದಲ್ಲಿ ಮುಖ ಬೆಳ್ಳಗಾದದ್ದಕ್ಕೆ ಬಹುತೇಕ ಕಾರಣ ಪೌಡರು. ಸಿಲಿಕಾ ಹೆಚ್ಚಿರುವ ಬಿಳಿ ‘ಎಚ್‌ಡಿ’ ಪೌಡರನ್ನು ಹೆಚ್ಚು ಹಾಕಿದರೆ, ಇಲ್ಲವೇ ಟೈಟಾನಿಯಂ ಡೈಆಕ್ಸೈಡ್, ಝಿಂಕ್ ಆಕ್ಸೈಡ್ ಇರುವ, ಬಿಸಿಲು ತಡೆಯುವ ಎಸ್‌ಪಿಎಫ್ ಫೌಂಡೇಶನ್ ಬಳಿದರೆ, ಫ್ಲ್ಯಾಷಿನ ಬೆಳಕು ಅಲ್ಲಿಂದ ವಾಪಸ್ ಚಿಮ್ಮಿ ಮುಖ ಬಿಳಿಚುತ್ತದೆ. ಕಣ್ಣಿಗೆ ಕಾಣದ್ದು ಕ್ಯಾಮೆರಾಗೆ ಕಾಣುತ್ತದೆ. ಅದರ ಮೇಲೆ ಒಂದೆರಡು ಶೇಡ್ ತಿಳಿಯಾದದ್ದು ಹಚ್ಚಿದ್ದರೆ ಕೇಳುವುದೇ ಬೇಡ. ಎರಡೂ ತಿದ್ದಬಹುದಾದ ತಪ್ಪುಗಳು. 35,000ದಲ್ಲಿ ಒಂದು ಪಾಲನ್ನು ಅವಳ ಕೈಗೆ ಕೊಟ್ಟು ನಿನಗಾಗಿ ಹೊಸ ಸಾಮಾನು ತರಿಸು: ಎಸ್‌ಪಿಎಫ್ ಮತ್ತು ಸುಗಂಧ ಇಲ್ಲದ ಫೌಂಡೇಶನ್, ಹಳದಿ ಛಾಯೆಯ ನುಣುಪು ಪೌಡರು, ಕೆಂಪು ಅಡಗಿಸುವ ತಿಳಿ ಹಸಿರು ಕರೆಕ್ಟರ್, ಹೊಸ ಸ್ಪಂಜು, ಬಿಸಾಡುವ ಮಸ್ಕರಾ ಕಡ್ಡಿ. ಪಾರ್ಲರಿನ ಹಳೆಯ ಡಬ್ಬಿಗಳಲ್ಲಿ ಪುಟ್ಟ ಭರಣಿಯ ಚಿತ್ರದೊಳಗೆ 12ಎಂ ಎಂದಿದ್ದರೆ ತೆರೆದ ಮೇಲೆ ಹನ್ನೆರಡು ತಿಂಗಳು ಮಾತ್ರ. ತೆರೆದು ಮೂರು ತಿಂಗಳಾದ ಮಸ್ಕರಾ ನಿನ್ನ ಕಣ್ಣಿಗೆ ಬರಬಾರದು.

ಡಾಕ್ಟರು ಹೂಂ ಅಂದ ಮೇಲೆ, ಲಗ್ನಕ್ಕೆ ಮೂರು ವಾರ ಇರುವಾಗ ಟ್ರಯಲ್ ಮಾಡಿ. ಅದಕ್ಕೆ ಎರಡು ದಿನ ಮುಂಚೆ ಫೌಂಡೇಶನ್ ಮತ್ತು ರೆಪ್ಪೆಗೆ ಅಂಟಿಸುವ ಗೋಂದು ಎರಡನ್ನೂ ಕಿವಿಯ ಹಿಂದೆ ಚುಕ್ಕೆಯಷ್ಟು ಹಚ್ಚಿ 48 ತಾಸು ಕಾಯಬೇಕು. ಕೋನಿನಲ್ಲಿ ಬರುವ ಕಪ್ಪು ಮೆಹಂದಿಯ ಸಹವಾಸ ಬೇಡವೇ ಬೇಡ, ಅದರಲ್ಲಿ ಕೂದಲ ಬಣ್ಣದ ಪಿಪಿಡಿ ಎಂಬ ರಾಸಾಯನಿಕ ಇರುತ್ತದೆ, ಕೈ ಗುಳ್ಳೆ ಏಳಬಹುದು. ಟ್ರಯಲ್ ದಿನ ಮುಂಜಾನೆ ಹನ್ನೊಂದರ ಹೊತ್ತಿಗೆ ಕಿಟಕಿಯ ಪಕ್ಕ ಕುಳಿತುಕೋ. ಮೂರು ಶೇಡುಗಳನ್ನು ದವಡೆಯಿಂದ ಕತ್ತಿನವರೆಗೆ ಗೆರೆ ಎಳೆದು ಇಪ್ಪತ್ತು ನಿಮಿಷ ಬಿಡಿ, ಏಕೆಂದರೆ ಗಾಳಿಗೆ ಮತ್ತು ಮೈ ಜಿಡ್ಡಿಗೆ ಫೌಂಡೇಶನ್ ಕಂದುತ್ತದೆ. ಆಮೇಲೆ ಕತ್ತಿನಲ್ಲಿ ಯಾವ ಗೆರೆ ಕಾಣದಂತಾಯಿತೋ ಅದೇ ನಿನ್ನ ಶೇಡು. ಫ್ಲ್ಯಾಷ್ ಹಾಕಿ ಒಂದು ಫೋಟೋ, ಹಾಕದೆ ಒಂದು. ಹಾಗೆಯೇ ನಾಲ್ಕು ತಾಸು ಮನೆಯಲ್ಲಿ ಓಡಾಡು, ಎಸಿ ಬೇಡ. ಎಲ್ಲಿ ಕರಗಿತು, ಎಲ್ಲಿ ಒಡೆಯಿತು, ವೈನಿ ಬರೆದಿಟ್ಟುಕೊಳ್ಳಲಿ.

ಯಂತ್ರದಿಂದ ಸಿಂಪಡಿಸುವ ಏರ್‌ಬ್ರಷ್ ಎಂದು ಯಾರಾದರೂ ಆಸೆ ಹುಟ್ಟಿಸಿದರೆ ಬೇಡ ಅನ್ನು. ಬೆವರಿನ ಗೆರೆ ಇಳಿದರೆ ಅದನ್ನು ತಿದ್ದುವುದು ಕಷ್ಟ. ತೆಳುವಾಗಿ ಎರಡು ಪದರ, ಒದ್ದೆ ಸ್ಪಂಜಿನಲ್ಲಿ ಒತ್ತಿ ಒತ್ತಿ, ನಿನ್ನ ಮುಖಕ್ಕೆ ಅಷ್ಟೇ ಸಾಕು. ಫೌಂಡೇಶನ್ನಿಗೆ ಮುಂಚೆ ಹಚ್ಚುವ ಸಿಲಿಕೋನ್ ಪ್ರೈಮರ್ ಮೇಲೆ ನೀರು ಆಧಾರದ ಫೌಂಡೇಶನ್ ಹಾಕಿದರೆ ಉಂಡೆ ಉಂಡೆಯಾಗಿ ಏಳುತ್ತದೆ, ಎರಡೂ ಒಂದೇ ಜಾತಿಯವಾಗಿರಲಿ.

ಲಗ್ನದ ದಿನ ಎಡವುವುದು ಹೆಚ್ಚಾಗಿ ಅರಿಶಿಣದಲ್ಲಿ. ಎಣ್ಣೆ ಬೆರೆಸಿದ ಅರಿಶಿಣ ಮುಖಕ್ಕೆಲ್ಲ ಮೆತ್ತಿ, ಸುರಗಿ ಶಾಸ್ತ್ರದ ನೀರು ಹಾಕಿ, ಟವೆಲಿನಿಂದ ಒರೆಸಿ ನೇರ ಮೇಕಪ್ಪಿಗೆ ಕೂಡಿಸಿದರೆ ಫೌಂಡೇಶನ್ ಜಾರುತ್ತದೆ. ಹಳದಿ ಕಲೆ ಉಳಿದ ಮುಖಕ್ಕೆ ಟ್ರಯಲ್‌ನ ಶೇಡು ಹೊಂದುವುದೂ ಇಲ್ಲ. ನಿನ್ನ ತೆಳು ಚರ್ಮಕ್ಕೆ ಅರಿಶಿಣದಿಂದ ಉರಿಯೂ ಬರಬಹುದು. ಶಾಸ್ತ್ರ ನಿಲ್ಲಬೇಕಿಲ್ಲ. ಕೈ ಕಾಲಿಗೆ ಧಾರಾಳವಾಗಿ ಹಚ್ಚಲಿ, ಕೆನ್ನೆಗೆ ಬೆರಳ ತುದಿಯಷ್ಟು ಸಾಕೆಂದು ಅವ್ವನ ಬಾಯಿಂದಲೇ ಮೊದಲೇ ಹಿರಿಯರಿಗೆ ಹೇಳಿಸಿಡು. ಸುರಗಿ ಏಳೂವರೆಗೆ ಮುಗಿಯಬೇಕು. ಸೌಮ್ಯವಾದ ಫೇಸ್‌ವಾಶ್‌ನಿಂದ ಎಣ್ಣೆ ತೊಳೆದು, ತಿಂಡಿ ತಿಂದು, ಮಾಯಿಶ್ಚರೈಸರ್ ಹಚ್ಚಿ ಹತ್ತು ನಿಮಿಷ ಬಿಟ್ಟು, ಎಂಟೂವರೆಗೆ ಕುಳಿತರೆ ಮುಖಕ್ಕೆ ಒಂದೂವರೆ ತಾಸು, ಜಡೆಗೆ ಒಂದು ತಾಸು, ಸೀರೆ ಒಡವೆಗೆ ಮುಕ್ಕಾಲು ತಾಸು. ಹನ್ನೊಂದೂ ಮುಕ್ಕಾಲಿಗೆ ತಯಾರು. ಆ ಹೊತ್ತಿನಲ್ಲಿ ‘ನನಗೊಂದಿಷ್ಟು ಕಾಡಿಗಿ ತೀಡು’ ಎಂದು ಬರುವ ಯಾರನ್ನೂ ಕೋಣೆಗೆ ಬಿಡಬಾರದು. ಮದುಮಗಳು ಮುಗಿಯುವವರೆಗೆ ಬೇರೆ ಮುಖ ಇಲ್ಲ.

ಹಣೆಗೆ ದಂಡಿ, ಬಾಸಿಂಗ ಕಟ್ಟುವ ದಾರ ಕಣತಲೆಯ ಹತ್ತಿರ ತಿಕ್ಕಿ ಮೇಕಪ್ ಎತ್ತಿಬಿಡುತ್ತದೆ. ಅಲ್ಲಿ ಫೌಂಡೇಶನ್ ಬಲು ತೆಳುವಿರಲಿ, ಪೌಡರು ಒತ್ತಿರಲಿ, ಕಟ್ಟುವಾಗ ದಾರದ ಕೆಳಗೆ ಟಿಶ್ಯೂ ಇಟ್ಟು ಆಮೇಲೆ ಎಳೆದುಕೊಳ್ಳಿ. ವಿಭೂತಿ ಹಚ್ಚುವ ಹಣೆಯ ನಡುವೆಯೂ ಹಾಗೆಯೇ, ಜಿಡ್ಡಿನ ಮೇಲೆ ಅದು ನಿಲ್ಲುವುದಿಲ್ಲ. ಬೆವರಿದಾಗ ಮೊದಲು ಟಿಶ್ಯೂ ಒತ್ತಿ ಬೆವರು ಹೀರಬೇಕು, ಆಮೇಲೆ ಪೌಡರು. ಬೆವರಿನ ಮೇಲೆಯೇ ಪೌಡರು ತಟ್ಟಿದರೆ ಮೆತ್ತಿಕೊಂಡು ಕಲೆ ಕಲೆಯಾಗುತ್ತದೆ. ಟಿಶ್ಯೂ, ಪೌಡರು, ಲಿಪ್‌ಸ್ಟಿಕ್ ಮೂರನ್ನೂ ಪಕ್ಕದಲ್ಲಿ ನಿಲ್ಲುವ ಗೆಳತಿಯ ಚೀಲದಲ್ಲಿ ಇಡು.

ವೈನಿಯಿಂದ ಪುಕ್ಕಟೆ ಕೆಲಸ ಮಾಡಿಸಬೇಡ. ಬೇರೆ ಮದುಮಕ್ಕಳಿಂದ ಎಷ್ಟು ತೆಗೆದುಕೊಳ್ಳುತ್ತಾಳೋ ಅಷ್ಟನ್ನು ಮೊದಲೇ ಕೊಡಬೇಕು, ಇಳಕಲ್ ಸೀರೆಯ ಉಡುಗೊರೆ ಬೇರೆ. ಹಣ ಕೊಟ್ಟಾಗ ‘ಇಲ್ಲಿ ಇನ್ನಷ್ಟು ತೆಳು ಮಾಡು’ ಎಂದು ಕೇಳುವ ಬಾಯಿ ನಿನಗೆ ಬರುತ್ತದೆ. ಆ ಮುಂಜಾನೆ ಬೀಗರನ್ನು ಎದುರುಗೊಳ್ಳುವುದು, ಚಹಾ ಫಳಾರ ನೋಡುವುದು ಅವಳ ಪಾಲಿಗೆ ಬರಕೂಡದು, ಅಣ್ಣ ನೋಡಿಕೊಳ್ಳಲಿ. ಹುಡುಗಿಯ ಅಣ್ಣನ ಹೆಂಡತಿ ಎಂದರೆ ಮಂಟಪದ ತುಂಬ ಕರೆ ಇರುತ್ತದೆ, ನಡುವೆ ಎದ್ದು ಹೋದರೆ ಮುಖ ಅರ್ಧಕ್ಕೆ ನಿಲ್ಲುತ್ತದೆ.

ವರನ ಅಕ್ಕನಿಗೆ ನೀನೇ ಫೋನ್ ಮಾಡು, ಹುಡುಗನ ಕೈಲಿ ಹೇಳಿಸಬೇಡ. ‘ಅಕ್ಕಾರ, ಮಾರಿಗಿ ಔಷಧ ನಡದೈತಿ, ಡಾಕ್ಟರ್ ಹೇಳಿದ್ದಷ್ಟ ಹಚ್ಚಬೇಕು, ಅದಕ್ಕ ಮನ್ಯಾಗ ವೈನಿ ಕಡಿಂದ ಮಾಡಿಸ್ಕೊಳ್ಳಾಕತ್ತೀನ್ರಿ’ ಎಂದರೆ ಸಾಕು, ಪೂರ್ತಿ ನಿಜವೂ ಹೌದು. ಆದರೆ ಆ ಫೋನು ಡಾಕ್ಟರನ್ನು ಕಂಡು ಬಂದ ಮೇಲೆ. ಆಸ್ಪತ್ರೆಗೆ ವೈನಿಯನ್ನೇ ಕರೆದುಕೊಂಡು ಹೋಗು. ಯಾವ ಸಾಮಾನು ಕೊಳ್ಳಬಹುದು, ಯಾವುದು ಬೇಡ ಎಂದು ಅವಳೂ ಡಾಕ್ಟರನ್ನು ಕೇಳಿಕೊಳ್ಳಲಿ.