ವರ್ಕ್‌ಶಾಪ್ ಕಟ್ಟೆ: ಬಣ್ಣದ ಮಾತು ಆಮೇಲೆ, ಮೊದ್ಲು ತುಕ್ಕಿನ ಮಾತು

ಹೋದ ಸಂಚಿಕೆಲಿ ಹಳೇ ಸೈಕಲ್ ಬಗ್ಗೆ ಬರೀತಾ ಪೌಡರ್ ಕೋಟಿಂಗ್ (ಲೋಹಕ್ಕೆ ಬಣ್ಣದ ಪುಡಿ ಹೊಡೆದು ಓವನ್ನಲ್ಲಿ ಬೇಯಿಸೋದು) ಅಂತ ಒಂದೇ ಒಂದ್ ಸಾಲು ಹಾಕಿದ್ದೆ, ಅಷ್ಟಕ್ಕೇ ಪುಣೆ, ಮುಂಬೈ, ಗೋವಾ ಮೂರೂ ಕಡೆಯಿಂದ ಪತ್ರ ಬಂದಿವೆ. ತುಂಬಾ ಜನ ಕೇಳಿರೋದು ಯಾವ ಕಲರ್ ಚೆನ್ನಾಗಿರತ್ತೆ ಅಂತ. ಆ ಪ್ರಶ್ನೆನ ಬೇಕಂತಲೇ ಹಿಂದಕ್ಕೆ ಹಾಕಿದೀನಿ, ಬೇಜಾರ್ ಮಾಡ್ಕೋಬೇಡಿ.

ಪ್ರಶ್ನೆ: ಸರ, ನಮ್ಮಪ್ಪಾರ ಹಳೇ ಸೈಕಲ್ ಹುಬ್ಬಳ್ಳಿಯಿಂದ ಪುಣೆಕ್ಕ ತಂದೇನ್ರಿ. ಫ್ರೇಮ್ ಗಟ್ಟಿ ಐತಿ, ಆದ್ರ ಬಣ್ಣ ಹೋಗಿ ಅಲ್ಲಲ್ಲಿ ತುಕ್ಕ ಹಿಡದೈತಿ. ಭೋಸರಿ ಕಡೆ ಒಬ್ರು ಪೌಡರ್ ಕೋಟಿಂಗ್ ಮಾಡಸ್ರಿ ಅಂತಾರ, ನಾನಾ ಪೇಠ ಒಳಗ ಒಬ್ರು ಸ್ಪ್ರೇ ಪೇಂಟ್ ಸಾಕ್ ಬಿಡ್ರಿ ಅಂತಾರ. ಯಾವ್ದ ಮಾಡಸ್ಲಿ? ಕೊಡೂ ಮುಂದ ಏನೇನ್ ಬಿಚ್ಚಬೇಕು?
– ಕೋಥ್ರೂಡ್, ಪುಣೆ

ಉತ್ತರ: ದಿನಾ ಓಡ್ಸೋಕಾದ್ರೆ ಪೌಡರ್. ಫ್ರೇಮ್ ಮೇಲೆ ಹಳೇ ಕಾಲದ ತರ ಬಂಗಾರದ ಗೆರೆ ಕೈಯಲ್ಲೇ ಎಳೆಸ್ಬೇಕು, ಹಾಲ್‌ನಲ್ಲಿ ಇಟ್ಟು ನೋಡ್ಬೇಕು ಅಂತಿದ್ರೆ ಲಿಕ್ವಿಡ್ ಪೇಂಟೇ ಸರಿ. ಪೌಡರ್ ಅಂದ್ರೆ ಒಣ ಪ್ಲಾಸ್ಟಿಕ್ ರೆಸಿನ್ ಪುಡಿ, ಜೊತೆಗೆ ಬಣ್ಣ ಮತ್ತೆ ಗಟ್ಟಿಯಾಗಿಸೋ ಕೆಮಿಕಲ್ಲು. ಗನ್ ತುದಿಲಿ 60ರಿಂದ 100 ಕಿಲೋವೋಲ್ಟ್ ಚಾರ್ಜ್ ಕೊಟ್ಟು ಊದ್ತಾರೆ, ಫ್ರೇಮ್‌ಗೆ ಅರ್ಥಿಂಗ್ ಇರತ್ತೆ, ಪುಡಿ ಹೋಗಿ ಅಂಟ್ಕೊಳತ್ತೆ. ಆಮೇಲೆ ಓವನ್ನಲ್ಲಿ 180ರಿಂದ 200 ಡಿಗ್ರಿಲಿ 10-20 ನಿಮಿಷ ಬೇಯಿಸಿದ್ರೆ ಕರಗಿ ಹರಡಿ ಗಟ್ಟಿ ಪದರ ಆಗತ್ತೆ, ಸುಮಾರು 60ರಿಂದ 80 ಮೈಕ್ರಾನ್ ದಪ್ಪ (ಸಾವಿರ ಮೈಕ್ರಾನ್ ಅಂದ್ರೆ ಒಂದು ಮಿಲಿಮೀಟರ್). ಕಲ್ಲು ಬಡಿದ್ರೂ, ಸ್ಟ್ಯಾಂಡಲ್ಲಿ ಇನ್ನೊಂದು ಸೈಕಲ್ ಉಜ್ಜಿದ್ರೂ ಬೇಗ ಕೀಳಲ್ಲ.

ಆದ್ರೆ ಈ ಗಟ್ಟಿತನ ಎಲ್ಲಾ ಕೆಳಗಿರೋ ಲೋಹ ಎಷ್ಟು ಕ್ಲೀನ್ ಆಗಿದೆ ಅನ್ನೋದ್ರ ಮೇಲೆ ನಿಂತಿದೆ. ತುಕ್ಕಿನ ಮೇಲೇನೇ ಹೊಡೆದ್ರೆ ಮೊದಲ್ನೇ ದಿನ ಹೊಸ ಸೈಕಲ್ ತರ ಕಾಣತ್ತೆ, ಎರಡನೇ ಮಳೆಗಾಲಕ್ಕೆ ಹಪ್ಪಳದ ತರ ಎದ್ದು ಬರತ್ತೆ. ಹಾಗಾಗಿ ಭೋಸರಿ ಅವರ ಹತ್ರ ಹೋದಾಗ ಶೇಡ್ ಕಾರ್ಡ್ ಕೇಳ್ಬೇಡಿ, ತುಕ್ಕು ಹೇಗೆ ತೆಗೀತೀರಿ ಅಂತ ಕೇಳಿ. ಬಹುಪಾಲು ಕಡೆ ಸೆವೆನ್ ಟ್ಯಾಂಕ್ ಅಂತಾರೆ, ಜಿಡ್ಡು ತೆಗೆಯೋದು, ನೀರು, ಆಸಿಡ್, ಮತ್ತೆ ನೀರು, ಫಾಸ್ಫೇಟ್ ಹೀಗೆ ಒಂದಾದ ಮೇಲೊಂದು ತೊಟ್ಟಿಲಿ ಅದ್ದೋದು. ಶೀಟ್ ಮೆಟಲ್‌ಗೆ ಬಹಳ ಒಳ್ಳೇದು. ಸೈಕಲ್ ಫ್ರೇಮ್‌ಗೆ ಇದ್ರಲ್ಲಿ ಒಂದು ತೊಂದ್ರೆ ಇದೆ. ಪೈಪ್‌ಗಳಲ್ಲಿ ಸಣ್ಣ ಸಣ್ಣ ತೂತು ಇರ್ತವೆ, ಆಸಿಡ್ ಒಳಗೆ ಹೋಗಿ ಕೂತ್ಬಿಡತ್ತೆ, ಓವನ್ನಲ್ಲಿ ಬಿಸಿಯಾದಾಗ ಅದೇ ತೂತಿಂದ ಬುಸ್ ಅಂತ ಹೊರಗೆ ಬಂದು ಕೋಟಿಂಗ್ ಹಾಳ್ಮಾಡತ್ತೆ, ಉಳಿದಿದ್ದು ಒಳಗಿಂದ ತಿಂತಾ ಇರತ್ತೆ. ಅದಕ್ಕೇ ಫ್ರೇಮ್‌ಗೆ ಬ್ಲಾಸ್ಟಿಂಗ್ ಮಾಡ್ಸಿ, ಅಂದ್ರೆ ಗಾಳಿ ಒತ್ತಡದಲ್ಲಿ ಒರಟು ಕಣ ಊದಿ ತುಕ್ಕು ಕೆರೆಯೋದು, ಆ ಕಣ (ಗ್ರಿಟ್) ಸಣ್ಣದಿರ್ಲಿ, ಪ್ರೆಶರ್ ಕಮ್ಮಿ ಇರ್ಲಿ. ನಿಮ್ಮ ಅಪ್ಪಾರ ಸೈಕಲ್ಲಿನ ಪೈಪು ದಪ್ಪ ಇರತ್ತೆ, ಪರವಾಗಿಲ್ಲ. ಒಳ್ಳೆ ಕ್ರೋಮೋಲಿ (ಕ್ರೋಮಿಯಂ, ಮಾಲಿಬ್ಡಿನಂ ಬೆರೆಸಿದ ಉಕ್ಕು) ಫ್ರೇಮ್‌ಗಳ ಪೈಪಿನ ಗೋಡೆ ನಡುಭಾಗದಲ್ಲಿ ಬರೀ ಅರ್ಧ ಮಿಲಿಮೀಟರ್ ಆಸುಪಾಸು ದಪ್ಪ ಇರತ್ತೆ, ಅಲ್ಲಿ ದಪ್ಪ ಗ್ರಿಟ್ ಬಿಟ್ರೆ ಕತೆ ಮುಗೀತು. ಬ್ಲಾಸ್ಟ್ ಆದ ಬೆತ್ತಲೆ ಉಕ್ಕಿಗೆ ಪುಣೆ ಮಳೆಗಾಲದಲ್ಲಿ ಕೆಲವೇ ಗಂಟೆಲಿ ತುಕ್ಕು ಕೂರತ್ತೆ, ಸೋ ಅದೇ ದಿನ ಪೌಡರ್ ಬೀಳ್ಬೇಕು, ಮಧ್ಯದಲ್ಲಿ ಬರಿಗೈಲಿ ಮುಟ್ಟಬಾರ್ದು.

ಬಿಚ್ಚೋದು ಎಲ್ಲಾನೂ. ಬೇರಿಂಗು, ಅದು ಕೂರೋ ಕಪ್, ಬಿಬಿ (ಬಾಟಮ್ ಬ್ರಾಕೆಟ್, ಪೆಡಲ್ ತಿರುಗೋ ಆಕ್ಸಲ್ ಇರೋ ಜಾಗದ್ದು), ಹೆಡ್ ಬ್ಯಾಡ್ಜು, ರಬ್ಬರ್, ಪ್ಲಾಸ್ಟಿಕ್, ಏನೂ ಉಳೀಬಾರ್ದು. ಹಿಂದೆ ಯಾರಾದ್ರೂ ಪುಟ್ಟಿ ಮೆತ್ತಿದ್ರೆ ಅದೂ ಹೋಗ್ಬೇಕು, ಓವನ್ ಬಿಸಿಗೆ ನಿಲ್ಲಲ್ಲ. ಹಿತ್ತಾಳೆ ಕರಗಿಸಿ ಪೈಪ್ ಬೆಸೆದ ಬ್ರೇಜಿಂಗ್ ಜಾಯಿಂಟ್‌ಗೆ ಭಯ ಇಲ್ಲ, ಅದು ಕರಗೋದು ತುಂಬಾ ಮೇಲೆ, 900 ಡಿಗ್ರಿ ಹತ್ರ.

ಇನ್ನು ಮಾಸ್ಕಿಂಗ್, ಅಂದ್ರೆ ಪೌಡರ್ ಬೀಳಬಾರದ ಜಾಗ ಮುಚ್ಚೋದು. ಹ್ಯಾಂಡಲ್ ತಿರುಗೋ ಹೆಡ್ ಟ್ಯೂಬ್ ಒಳಗೆ ಬೇರಿಂಗ್ ಕಪ್ ಕೂರೋ ಜಾಗದಲ್ಲಿ 80 ಮೈಕ್ರಾನ್ ಪೌಡರ್ ಹತ್ತಿದ್ರೆ ಎರಡೂ ಬದಿ ಸೇರಿ ವ್ಯಾಸ 0.16 ಮಿಲಿಮೀಟರ್ ಕಮ್ಮಿ ಆಯ್ತು. ಕಪ್ ಬಿಗಿಯಾಗಿ ಕೂರೋ ಲೆಕ್ಕವೇ ಅಷ್ಟರಲ್ಲಿ ಇರೋದು, ಸುತ್ತಿಗೆ ಹಾಕಿ ಹೊಡೆದ್ರೆ ಕಪ್ಪೂ ಹಾಳು ಟ್ಯೂಬೂ ಹಾಳು. ಸೀಟ್ ಟ್ಯೂಬ್ ಒಳಗೂ ಅಷ್ಟೇ, ಸೀಟ್ ಪೋಸ್ಟ್ ಇಳಿಯಲ್ಲ. ಬಿಬಿ ಥ್ರೆಡ್ಡಿಗೆ ಸಿಲಿಕಾನ್ ಪ್ಲಗ್ ಹಾಕಿಸ್ಲೇಬೇಕು, ಇಲ್ಲಾಂದ್ರೆ ಆಮೇಲೆ ಟ್ಯಾಪ್ (ಥ್ರೆಡ್ ಕೊರೆಯೋ ಸಾಧನ) ಹಾಕಿ ಬಿಡಿಸ್ಬೇಕು, ಅದ್ರಲ್ಲೂ ಚೈನ್ ಇರೋ ಕಡೆ ಥ್ರೆಡ್ ಬಹುಪಾಲು ಹಳೇ ಸೈಕಲ್‌ಗಳಲ್ಲಿ ಉಲ್ಟಾ, ಗೊತ್ತಿಲ್ದೆ ಸೀದಾ ಟ್ಯಾಪ್ ತಿರುಗ್ಸಿದ್ರೆ ಇದ್ದಿದ್ದೂ ಹೋಗತ್ತೆ. ಚಕ್ರದ ನಟ್ ಬಿಗಿಯೋ ಡ್ರಾಪ್‌ಔಟ್ ಮೇಲೆ ದಪ್ಪ ಪೌಡರ್ ಇದ್ರೆ ಒತ್ತಡಕ್ಕೆ ಅದು ನಿಧಾನಕ್ಕೆ ಜರುಗಿ ನಟ್ ಸಡಿಲ ಆಗತ್ತೆ, ಅಲ್ಲೂ ಟೇಪ್ ಹಾಕ್ಸಿ. ಇದೆಲ್ಲಾ ಒಂದು ಚೀಟಿಲಿ ಬರ್ದು ಫ್ರೇಮ್‌ಗೆ ಕಟ್ಟಿ ಕೊಡಿ, ಬಾಯಲ್ಲಿ ಹೇಳಿದ್ದು ಸೂಪರ್‌ವೈಸರ್ ಹತ್ರನೇ ನಿಲ್ಲತ್ತೆ, ಗನ್ ಹಿಡಿಯೋ ಹುಡುಗನ ತನಕ ಹೋಗಲ್ಲ.

ವಾಪಸ್ ಬಂದ್ಮೇಲೆ ಪೈಪ್ ಒಳಗಡೆಗೆ ಮೇಣದ ತರದ ತುಕ್ಕು ನಿರೋಧಕ ಸ್ಪ್ರೇ ಹೊಡೀರಿ, ಪೌಡರ್ ಒಳಗೆ ಹೋಗಲ್ಲ.

ಪ್ರಶ್ನೆ: ನಮ್ಮ ಮನೆ ವಾಸ್ಕೋದಲ್ಲಿ, ಸಮುದ್ರಕ್ಕೆ ಹತ್ರ. ಕಿಟಕಿ ಗ್ರಿಲ್, ಗೇಟ್ ಎಲ್ಲಾ ಪೌಡರ್ ಕೋಟಿಂಗ್ ಮಾಡ್ಸಿದ್ವಿ, ಹತ್ತು ವರ್ಷ ನೋಡೋದೇ ಬೇಡ ಅಂದಿದ್ರು. ಎರಡು ಮಳೆಗಾಲಕ್ಕೇ ಮೂಲೆ ಮೂಲೆಲಿ ತುಕ್ಕು. ಪೌಡರ್ ಕೋಟಿಂಗೇ ಮೋಸನಾ?
– ವಾಸ್ಕೋ, ಗೋವಾ

ಉತ್ತರ: ಪೌಡರ್ ಮೋಸ ಅಲ್ಲ, ಒಂದೇ ಪದರ ಹೊಡೆದು ಗೋವಾದಲ್ಲಿ ಹತ್ತು ವರ್ಷ ಅಂದಿದ್ದು ಮೋಸ. ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸು ಮಳೆ, ಉಳಿದ ತಿಂಗಳು ಉಪ್ಪು ಗಾಳಿ, ಅಲ್ಲಿ ಬೇಕಾಗಿರೋದೇ ಬೇರೆ ಸಿಸ್ಟಮ್ಮು.

ನಿಮ್ಮ ಪತ್ರದಲ್ಲಿ ಮೂಲೆ ಮೂಲೆಲಿ ಅಂತ ಬರೆದಿದೀರಲ್ಲ, ಅದರಲ್ಲೇ ಉತ್ತರ ಇದೆ. ಪೌಡರ್ ಓವನ್ನಲ್ಲಿ ಕರಗಿದಾಗ ಚೂಪಾದ ಅಂಚಿಂದ ಹಿಂದೆ ಸರಿಯತ್ತೆ, ಅಲ್ಲಿ ಪದರ ತೆಳು. ಒಳಮೂಲೆಗಳ ಕತೆ ಇನ್ನೊಂದು ತರ, ಎರಡು ಪಟ್ಟಿ ಸೇರೋ ಸಂದಿಗೆ ಚಾರ್ಜ್ ಆದ ಪುಡಿ ಒಳಗೆ ನುಗ್ಗಲ್ಲ, ಬಾಯಲ್ಲೇ ಅಂಟ್ಕೊಂಡು ನಿಲ್ಲತ್ತೆ. ಫ್ಯಾರಡೆ ಕೇಜ್ ಎಫೆಕ್ಟ್ ಅಂತ ಕರೀತಾರೆ, ಸೈಕಲ್ಲಲ್ಲಿ ಬಿಬಿ ಸುತ್ತ ಪೈಪ್ ಸೇರೋ ಕಡೆನೂ ಇದೇ ಆಗೋದು. ಗನ್ ಹಿಡಿಯೋನು ಅನುಭವಸ್ಥ ಆಗಿದ್ರೆ ವೋಲ್ಟೇಜ್ ಇಳಿಸಿ ಮೊದಲು ಸಂದಿ ಹೊಡ್ದು ಆಮೇಲೆ ಹೊರಗೆ ಹೊಡೀತಾನೆ. ಇದರ ಮೇಲೆ ಇನ್ನೊಂದು ಅನುಮಾನ ನಂಗೆ. ಗ್ರಿಲ್ ತಂದು ಕೂರ್ಸುವಾಗ ಗೋಡೆ ಹತ್ರ ವೆಲ್ಡಿಂಗ್ ಮಾಡಿದ್ರಾ? ನಮ್ಮಲ್ಲಿ ಎಲ್ಲಾ ಕಡೆ ಮಾಡೋದೇ ಅದು, ದುಡ್ಡು ಕೊಟ್ಟು ಕೋಟಿಂಗ್ ಮಾಡ್ಸಿ ತಂದು ನಾಲ್ಕು ಕಡೆ ಸುಟ್ಟು ಮೇಲೆ ಸಿಲ್ವರ್ ಪೇಂಟ್ ಬಳಿದು ಹೋಗ್ತಾರೆ.

ಈಗಿರೋದ್ರ ಮೇಲೇ ಮತ್ತೆ ಹೊಡೆಸ್ಬೇಡಿ. ಪೂರ್ತಿ ಬ್ಲಾಸ್ಟ್ ಮಾಡ್ಸಿ, ಅಂಚುಗಳನ್ನ ಗ್ರೈಂಡರ್‌ನಲ್ಲಿ ಗುಂಡಗೆ ಮಾಡ್ಸಿ, ಸಂದಿಗಳನ್ನ ಪೂರ್ತಿ ವೆಲ್ಡ್ ತುಂಬಿಸಿ ಮುಚ್ಸಿ, ಜಿಂಕ್ ಜಾಸ್ತಿ ಇರೋ ಎಪಾಕ್ಸಿ ಪ್ರೈಮರ್ ಒಂದು ಪದರ, ಮೇಲೆ ಹೊರಾಂಗಣದ ಪಾಲಿಯೆಸ್ಟರ್ ಒಂದು ಪದರ (ಎಪಾಕ್ಸಿ, ಪಾಲಿಯೆಸ್ಟರ್ ಎರಡೂ ಪೌಡರಿನ ರೆಸಿನ್ ಬಗೆಗಳು). ಪ್ರೈಮರ್ ಅರೆಬೆಂದಿರುವಾಗ್ಲೇ ಮೇಲಿನ ಪದರ ಬೀಳ್ಬೇಕು, ಪೂರ್ತಿ ಬೆಂದ್ರೆ ಎರಡೂ ಸರಿಯಾಗಿ ಹಿಡಿಯಲ್ಲ. ಬರೀ ಎಪಾಕ್ಸಿ ಹೊರಗೆ ಬೇಡವೇ ಬೇಡ, ಬಿಸಿಲಿಗೆ ಸುಣ್ಣದ ತರ ಪುಡಿ ಬಿಡತ್ತೆ. ಗ್ಯಾಲ್ವನೈಸ್ (ಕಬ್ಬಿಣಕ್ಕೆ ಸತುವಿನ ಪದರ) ಮಾಡ್ಸಿ ಅದರ ಮೇಲೆ ಪೌಡರ್ ಹೊಡೆಸೋದು ಇನ್ನೂ ಒಳ್ಳೇದು, ಆದ್ರೆ ಸತುವಿನ ಪದರದೊಳಗಿನ ಗ್ಯಾಸ್ ಓವನ್ನಲ್ಲಿ ಹೊರಗೆ ಬಂದು ಸೂಜಿತೂತು ಬೀಳತ್ತೆ, ಅದಕ್ಕೆ ಪೌಡರ್ ಹೊಡೆಯೋ ಮೊದ್ಲು ಒಂದ್ಸಲ ಖಾಲಿ ಬಿಸಿ ಮಾಡ್ಬೇಕು. ವೆರ್ಣಾ, ಕುಂಡೈ ಇಂಡಸ್ಟ್ರಿಯಲ್ ಎಸ್ಟೇಟ್ ಕಡೆ ವಿಚಾರಿಸಿ. ಸಾಲ್ಟ್ ಸ್ಪ್ರೇ ಟೆಸ್ಟ್ ಇಷ್ಟು ಗಂಟೆ ಪಾಸಾಗಿದೆ ಅಂತ ಪೇಪರ್ ತೋರಿಸ್ತಾರೆ. ಅದು 35 ಡಿಗ್ರಿಲಿ 5 ಪರ್ಸೆಂಟ್ ಉಪ್ಪುನೀರಿನ ಮಂಜು ಬಿಟ್ಟು ನೋಡೋ ಟೆಸ್ಟು, ಒಂದು ಪೌಡರ್‌ನ ಇನ್ನೊಂದರ ಜೊತೆ ಹೋಲಿಸೋಕೆ ಸರಿ, ಇಷ್ಟು ಗಂಟೆ ಅಂದ್ರೆ ಇಷ್ಟು ವರ್ಷ ಅಂತ ಲೆಕ್ಕ ಹಾಕೋಕಾಗಲ್ಲ. ಕೂರಿಸೋದು ಬೋಲ್ಟ್ ಹಾಕಿ. ಆಗಾಗ ಸಿಹಿನೀರಲ್ಲಿ ತೊಳೀರಿ, ಮಳೆ ಬೀಳ್ದೆ ಇರೋ ತಿಂಗಳಲ್ಲೇ ಉಪ್ಪು ಕೂತಿರೋದು ಜಾಸ್ತಿ.

ಪ್ರಶ್ನೆ: ಅಲ್ಯುಮಿನಿಯಂ ಫ್ರೇಮ್, ಕಾರ್ಬನ್ ಫೋರ್ಕ್. ಎರಡೂ ಒಂದೇ ಬಣ್ಣ ಮಾಡಿಸಬಹುದಾ?
– ಗೋರೆಗಾಂವ್, ಮುಂಬೈ

ಉತ್ತರ: ಫೋರ್ಕ್ ಓವನ್ ಹತ್ರನೂ ಹೋಗಬಾರ್ದು. ಕಾರ್ಬನ್ ಎಳೆಗಳನ್ನ ಹಿಡಿದಿಟ್ಟಿರೋ ರೆಸಿನ್ ಆ ಬಿಸಿಗೆ ಮೆತ್ತಗಾಗತ್ತೆ, ಹೊರಗೆ ಏನೂ ಕಾಣಲ್ಲ, ಮುರಿಯೋದು ಓಡ್ಸುವಾಗ. ಅದಕ್ಕೆ ಲಿಕ್ವಿಡ್ ಪೇಂಟ್, ಹತ್ತಿರದ ಶೇಡ್ ಮ್ಯಾಚ್ ಮಾಡ್ಸಿ. ಸಸ್ಪೆನ್ಷನ್ ಫೋರ್ಕೂ ಹಾಗೇ, ಸೀಲು, ಆಯಿಲ್ ಎಲ್ಲಾ ಇರತ್ತೆ, ಬೇಡ. ಪೈಪ್‌ಗಳನ್ನ ಗ್ಲೂ ಹಾಕಿ ಅಂಟಿಸಿರೋ ಹಳೇ ಅಲ್ಯುಮಿನಿಯಂ ಫ್ರೇಮ್ ಆಗಿದ್ರೆ ಅದೂ ಬೇಡ.

ವೆಲ್ಡಿಂಗ್ ಇರೋ ಅಲ್ಯುಮಿನಿಯಂ ಫ್ರೇಮ್ ಆಗತ್ತೆ, ಜೋಪಾನವಾಗಿ. 6061 ಟಿ6 ಅಂತ ಅಲ್ಯುಮಿನಿಯಂ ಮಿಶ್ರಲೋಹದ ಹೆಸರಿನ ಸ್ಟಿಕ್ಕರ್ ಇರತ್ತಲ್ಲ, ಆ ಗಟ್ಟಿತನ ಬಂದಿರೋದೇ ಫ್ಯಾಕ್ಟರಿಲಿ 160-180 ಡಿಗ್ರಿಲಿ ಎಷ್ಟೋ ಗಂಟೆ ಇಟ್ಟಿದ್ರಿಂದ. ಇಪ್ಪತ್ತು ನಿಮಿಷದ ಬೇಕಿಂಗ್‌ಗೆ ದೊಡ್ಡ ವ್ಯತ್ಯಾಸ ಆಗಲ್ಲ. ಆದ್ರೆ ಸಾಕಿ ನಾಕಾ, ವಾಗ್ಳೆ ಎಸ್ಟೇಟ್‌ನಂಥ ಕಡೆ ಸಣ್ಣ ಶಾಪ್‌ಗಳಲ್ಲಿ ನಿಮ್ಮ ಒಂದು ಫ್ರೇಮ್‌ಗೋಸ್ಕರ ಓವನ್ ಉರಿಸಲ್ಲ, ದಪ್ಪ ಕಬ್ಬಿಣದ ಗೇಟಿನ ಜೊತೆ ತೂಗುಹಾಕಿ ಗೇಟ್ ಬೇಯೋ ತನಕ ಬಿಡ್ತಾರೆ, ಅಲ್ಲಿ ತೊಂದ್ರೆ. ಕಡಿಮೆ ಬಿಸಿಗೆ ಬೇಯೋ ಪೌಡರ್ ಸಿಗತ್ತೆ, ತೆಳು ಶೀಟ್ ಜಾಬ್ ಜೊತೆ ಹಾಕಿ ಅಂತ ಕೇಳಿ. ಹಾಗೇ, ಕಬ್ಬಿಣಕ್ಕೆ ಬಳಸಿದ ಸ್ಟೀಲ್ ಗ್ರಿಟ್ಟಲ್ಲಿ ಅಲ್ಯುಮಿನಿಯಂ ಬ್ಲಾಸ್ಟ್ ಮಾಡ್ಬಾರ್ದು, ಕಬ್ಬಿಣದ ಕಣ ಚುಚ್ಕೊಂಡು ಅಲ್ಲಿಂದಲೇ ಕೊರೆಯತ್ತೆ. ಕಂಪನಿ ವಾರಂಟಿ ಇನ್ನೂ ಇದ್ರೆ ಮೊದ್ಲು ಅದನ್ನ ಓದಿ.

ಪ್ರಶ್ನೆ: ಮಾಟುಂಗದಲ್ಲಿ ನಮ್ಮದೊಂದು ಸಣ್ಣ ಹೋಟೆಲು. ಟೇಬಲ್ ಸ್ಟ್ಯಾಂಡು, ಕುರ್ಚಿ ಕಾಲು ಎಲ್ಲ ಕಬ್ಬಿಣದ್ದು, ವರ್ಷ ವರ್ಷ ಪೇಂಟ್ ಹೊಡೆಸಿ ಸಾಕಾಯ್ತು ಮಾರಾಯ್ರೆ. ಪೌಡರ್ ಮಾಡಿಸಿದರೆ ಬಾಳಿಕೆ ಬಂದೀತಾ?
– ಮಾಟುಂಗ, ಮುಂಬೈ

ಉತ್ತರ: ಬರತ್ತೆ, ನಿಮ್ಮದೇ ಎಲ್ಲಕ್ಕಿಂತ ಸುಲಭದ ಕೇಸು. ಒಳಾಂಗಣ ಆದ್ದರಿಂದ ಎಪಾಕ್ಸಿ ಪಾಲಿಯೆಸ್ಟರ್ ಹೈಬ್ರಿಡ್ ಪೌಡರ್ ಸಾಕು, ಟೆಕ್ಸ್ಚರ್ ಫಿನಿಶ್ ತಗೊಳ್ಳಿ, ಗೀರು ಕಾಣಲ್ಲ. ನಿಮ್ಮ ಕುರ್ಚಿ ತುಕ್ಕು ಹಿಡಿಯೋದು ಕಾಲಿನ ತುದಿಯಿಂದ, ಅಲ್ವಾ? ರಾತ್ರಿ ನೆಲ ತೊಳೆದ ನೀರು, ಫಿನೈಲು, ಆಸಿಡ್ಡು ಪೈಪಿನ ತೆರೆದ ಬಾಯಿಂದ ಒಳಗೆ ಹತ್ತತ್ತೆ. ಕೋಟಿಂಗ್‌ಗೆ ಮೊದಲು ತುದಿಗೆ ತಗಡು ವೆಲ್ಡ್ ಮಾಡ್ಸಿ ಮುಚ್ಸಿ, ಓವನ್ನಲ್ಲಿ ಗಾಳಿ ಹೋಗೋಕೆ ಮೇಲ್ಗಡೆ ಒಂದು ಸಣ್ಣ ತೂತು ಬಿಡಿ, ಆಮೇಲೆ ರಬ್ಬರ್ ಬುಷ್ ಹಾಕಿ. ಕಾವಲಿ ಸ್ಟ್ಯಾಂಡು, ಒಲೆ ಪಕ್ಕದ್ದಕ್ಕೆ ಈ ಪೌಡರ್ ಬೇಡ, ಆಹಾರ ತಾಗೋ ಜಾಗಕ್ಕಂತೂ ಬೇಡವೇ ಬೇಡ, ಅಲ್ಲಿ ಸ್ಟೀಲೇ ಇರ್ಲಿ.

ಪ್ರಶ್ನೆ: ಆನ್‌ಲೈನಲ್ಲಿ ಸಣ್ಣ ಪೌಡರ್ ಗನ್ ಸಿಗುತ್ತೆ. ಮನೆ ಓಟಿಜಿ ಓವನ್ನಲ್ಲಿ ಬ್ರೇಕ್ ಲಿವರ್, ಬ್ರಾಕೆಟ್ ಎಲ್ಲ ಮಾಡ್ಬಹುದಾ? ಅಮ್ಮ ಬೈತಾರೆ.
– ಇಂಜಿನಿಯರಿಂಗ್ ವಿದ್ಯಾರ್ಥಿ, ಠಾಣೆ

ಉತ್ತರ: ಅಮ್ಮ ಸರಿ. ಒಂದ್ಸಲ ಪೌಡರ್ ಬೆಂದ ಓವನ್ನಲ್ಲಿ ಮತ್ತೆ ತಿನ್ನೋದು ಮಾಡಬಾರ್ದು. ಗಾಳಿಲಿ ತೇಲೋ ಪೌಡರ್ ಧೂಳಿಗೆ ಕಿಡಿ ಸಿಕ್ಕಿದ್ರೆ ಸ್ಫೋಟ ಆಗತ್ತೆ, ಫ್ಲಾಟ್ ಬಾಲ್ಕನಿಲಿ ಪೌಡರ್ ಹೊಡೆಯೋ ಬೂತೂ ಇಲ್ಲ, ಎಕ್ಸಾಸ್ಟೂ ಇಲ್ಲ. ಮಾಡ್ಲೇಬೇಕು ಅಂದ್ರೆ ಗುಜರಿಯಿಂದ ಬೇರೆ ಓವನ್ ತಂದು, ಬೇರೆ ಜಾಗದಲ್ಲಿ, ಮಾಸ್ಕ್ ಹಾಕಿ, ಅರ್ಥಿಂಗ್ ಸರಿ ನೋಡ್ಕೊಂಡು ಮಾಡು. ಟೈಮ್ ಎಣಿಸೋದು ಓವನ್ ಬಿಸಿಯಾದಾಗಿಂದ ಅಲ್ಲ, ಲೋಹ ಆ ಬಿಸಿ ಮುಟ್ಟಿದಾಗಿಂದ. ಬೆಂದಿದ್ಯಾ ಅಂತ ನೋಡೋಕೆ ತಣ್ಣಗಾದ್ಮೇಲೆ ಅಸಿಟೋನ್ ಹಾಕಿದ ಹತ್ತಿಲಿ ಉಜ್ಜು, ಶೈನ್ ಸ್ವಲ್ಪ ಮಂಕಾದ್ರೆ ಪರವಾಗಿಲ್ಲ, ಬಣ್ಣವೇ ಹತ್ತಿಗೆ ಬಂದ್ರೆ ಹಸಿ.

ಪ್ರಶ್ನೆ: ಮಗಳ ಸೈಕಲ್ಲಿಗೆ ಮೇಲೆ ಗುಲಾಬಿ, ಕೆಳಗೆ ನೇರಳೆ, ಮಧ್ಯದಲ್ಲಿ ಒಂದಕ್ಕೊಂದು ಬೆರೆತ ಹಾಗೆ ಬೇಕಂತೆ. ಕ್ರೋಮ್ ಹ್ಯಾಂಡಲ್ಲಿಗೂ ಅದೇ. ರೇಟ್ ಎಷ್ಟಾಗಬಹುದು?
– ಡೊಂಬಿವಲಿ

ಉತ್ತರ: ಅಂತೂ ಬಣ್ಣದ ಪ್ರಶ್ನೆ. ಬೆರೆತ ಶೇಡ್ ಪೌಡರ್‌ನಲ್ಲಿ ಕಷ್ಟ, ಎರಡು ಪುಡಿ ಪೇಂಟ್ ತರ ಕಲೆಯಲ್ಲ, ಹತ್ರದಿಂದ ನೋಡಿದ್ರೆ ಚುಕ್ಕಿ ಚುಕ್ಕಿ ಕಾಣತ್ತೆ. ನೀಟಾಗಿ ಗೆರೆ ಹಾಕಿ ಎರಡು ಬಣ್ಣ ಆಗತ್ತೆ, ಎರಡು ಸಲ ಓವನ್. ಶೇಡ್ ಹೇಳುವಾಗ ಗುಲಾಬಿ ಅನ್ಬೇಡಿ, ಜರ್ಮನಿಯ ಆರ್‌ಎಎಲ್ ಕಾರ್ಡ್‌ನಲ್ಲಿ ನಂಬರ್ ತೋರ್ಸಿ, 9005 ಅಂದ್ರೆ ಎಲ್ಲಾ ಶಾಪಲ್ಲೂ ಅದೇ ಕಪ್ಪು. ಕ್ರೋಮ್ ಮೇಲೆ ಹಾಗೇ ಹೊಡೆದ್ರೆ ಹಿಡಿಯಲ್ಲ, ಕ್ರೋಮ್ ತೆಗೆಸೋ ಖರ್ಚಿಗೆ ಹೊಸ ಕಪ್ಪು ಹ್ಯಾಂಡಲ್ಲೇ ಬರತ್ತೆ.

ರೇಟು ಕಿಲೋ ಲೆಕ್ಕನೋ ಚದರಡಿ ಲೆಕ್ಕನೋ ಹೇಳ್ತಾರೆ, ಆದ್ರೆ ನಿಜವಾದ ಖರ್ಚು ಬಣ್ಣ ಬದಲಾಯಿಸೋದು. ಒಂದು ಫ್ರೇಮ್‌ಗೋಸ್ಕರ ಬೂತು, ಗನ್ನು, ಹೋಸು ಎಲ್ಲಾ ಊದಿ ಕ್ಲೀನ್ ಮಾಡ್ಬೇಕು, ಅದಕ್ಕೇ ಒಂಟಿ ಗುಲಾಬಿ ಜಾಬ್ ಅಂದ್ರೆ ಮುಖ ಸಿಂಡರಿಸ್ತಾರೆ. ಶಾಪ್‌ನವರನ್ನ ಯಾವಾಗ ಆ ಬಣ್ಣದ ಲಾಟ್ ಓಡತ್ತೆ ಅಂತ ಕೇಳಿ ಫ್ರೇಮ್ ಅಲ್ಲೇ ಬಿಟ್ಟು ಬನ್ನಿ, ಕಮ್ಮಿಗೆ ಆಗತ್ತೆ. ತಗೊಂಡು ಬರುವಾಗ ಅದೇ ಶೇಡಿನ ಸಣ್ಣ ಟಚ್‌ಅಪ್ ಪೇಂಟ್ ಹುಡುಕಿ ಇಟ್ಕೊಳ್ಳಿ, ಗೀರು ಬಿದ್ದ ಜಾಗಕ್ಕೆ ಪೌಡರ್ ಮತ್ತೆ ಹೊಡೆಯೋಕಾಗಲ್ಲ, ಮಕ್ಕಳ ಸೈಕಲ್ಲಿಗೆ ಗೀರು ಬೀಳೋಕೆ ಒಂದು ವಾರ ಸಾಕು.