ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ ಮಗುವಿನ ಬುದ್ಧಿಗೆ ತೊಂದರೆ ಆಗುತ್ತದಾ?

ಯಾದಗಿರಿ ಕಡೆಯ ಬೋರ್‌ವೆಲ್ ನೀರು ಕುಡಿದರೆ ಮಗುವಿನ ಬುದ್ಧಿ ಮಂದವಾಗುತ್ತದಾ ಅಂತ ಕೇಳಿದ್ದೀರಿ. ನೀರಿನಲ್ಲಿ ಫ್ಲೋರೈಡ್ ಎಂಬ ಲವಣಾಂಶ ಎಷ್ಟಿದೆ ಅನ್ನುವುದೇ ಇಲ್ಲಿ ಮುಖ್ಯ.

ಅಮೆರಿಕದ ರಾಷ್ಟ್ರೀಯ ವಿಷವಿಜ್ಞಾನ ಕಾರ್ಯಕ್ರಮ 2024ರಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಪರಿಶೀಲಿಸಿತು. ಲೀಟರಿಗೆ 1.5 ಮಿಲಿಗ್ರಾಂಗಿಂತ ಜಾಸ್ತಿ ಇರುವ ಕಡೆ ಮಕ್ಕಳ ಐಕ್ಯೂ ಕಡಿಮೆ ಕಂಡುಬಂದಿದೆ ಎಂದಿತು. 0.7 ಮಿಲಿಗ್ರಾಂನಂಥ ಕಡಿಮೆ ಮಟ್ಟದಲ್ಲಿ ಹಾಗೆ ಹೇಳಲು ಪುರಾವೆ ಸಾಲದು. ಹಾಗಾಗಿ ನಿಮ್ಮ ಮಗ ಓದಿನಲ್ಲಿ ಹಿಂದಿದ್ದರೆ ಸುಮ್ನೆ ನೀರಿನ ಮೇಲೆ ಹೊರಿಸಬೇಡಿ.

ನಮ್ಮ ದೇಶದ ಮಿತಿ 1 ಮಿಲಿಗ್ರಾಂ. ಬೇರೆ ನೀರು ಸಿಗದಿದ್ದರೆ 1.5. ಯಾದಗಿರಿ, ಕಲಬುರಗಿ ಜಿಲ್ಲೆಗಳ ಕೆಲವು ಬೋರ್‌ವೆಲ್‌ಗಳು ಇದನ್ನೂ ಮೀರಿವೆ. ನೆಲದಡಿಯ ಬಂಡೆಯಿಂದಲೇ ಅದು ಕರಗಿ ಬರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಪಂಚಾಯಿತಿಯಲ್ಲಿ ಹೇಳಿ ನೀರು ಪರೀಕ್ಷೆ ಮಾಡಿಸಿ.

ದಯವಿಟ್ಟು ಇದೊಂದು ನೆನಪಿಡಿ: ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಪೌಡರ್ ಹಾಲಿಗೆ ಇದೇ ನೀರು ಕುದಿಸಿ ಬೆರೆಸುವುದನ್ನು ನೋಡಿದರೆ ಸಂಕಟವಾಗುತ್ತದೆ. ಎದೆಹಾಲಿನಲ್ಲಿ ಫ್ಲೋರೈಡ್ ತೀರಾ ಕಡಿಮೆ, ಆರು ತಿಂಗಳವರೆಗೆ ಅದೇ ಸಾಕು. ಮನೆಯಲ್ಲಿ ಫ್ಲೋರೈಡ್ ತೆಗೆಯುವ ಆರ್‌ಒ ಯಂತ್ರದ ನೀರು ಸ್ವಲ್ಪವೇ ಸಿಗುತ್ತದೆ ಅಂದರೆ ಮೊದಲು ಬಸುರಿಗೆ, ಸಣ್ಣ ಮಕ್ಕಳಿಗೆ ಕೊಡಿ. ಸ್ನಾನಕ್ಕೆ, ಬಟ್ಟೆಗೆ ಬೋರ್‌ವೆಲ್ ನೀರೇ ಆದೀತು.